ಶಿವಕಾಂತಾ ಹಿಮಕ್ಕೆ ಹೋದದ್ದು

ಹಡಪಸರದಿಂದ ಸಾಸವಡಕ್ಕೆ ಹೋಗುವ ದಾರಿಯಲ್ಲಿ ದಿವೆ ಘಾಟ್ ಬರುತ್ತದೆ. ತುಂಬಿದ ಬಸ್ಸುಗಳು ಮೊದಲ ಗೇರಿನಲ್ಲಿ ನರಳುತ್ತ ಹತ್ತುವ ಏರು ಅದು. ಶಿವಕಾಂತಾ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಆ ಏರನ್ನು ಸೈಕಲ್ ತುಳಿದುಕೊಂಡು ಹತ್ತಿದಳು. ಸಾಸವಡದ ಹತ್ತಿರ ಹಸಿ ಬಟಾಣಿಯನ್ನು ಹಿಮಗಟ್ಟಿಸಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಅವಳ ಕೆಲಸ. ಬಸ್ಸಿಗೆ ಕಾಯುತ್ತ ನಿಂತರೆ ಪಾಳಿ ತಪ್ಪುತ್ತದೆ, ಅದಕ್ಕೇ ಸೈಕಲ್ಲು ಅಂತ ಕೇಳಿದವರಿಗೆ ಹೇಳುತ್ತಿದ್ದಳು. ಅದು ಅರ್ಧ ನಿಜ. ಘಾಟಿನ ನೆತ್ತಿ ಮುಟ್ಟಿ, ಉಸಿರು ಸುಧಾರಿಸಿಕೊಂಡು, ಕೆಳಗೆ ಮಂಜಿನಲ್ಲಿ ಮುಳುಗಿದ ಪುಣೆಯ ಕಡೆ ತಿರುಗಿ ನೋಡುವ ಆ ಒಂದು ಗಳಿಗೆಗಾಗಿ ಅವಳು ಅರ್ಧ ಗಂಟೆ ಮುಂಚೆ ಏಳುತ್ತಿದ್ದಳು.

ಅವಳಪ್ಪ ಹಣಮಂತ್ರಾಯ ಸುರಪುರದ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ತಾನು ಕಟ್ಟಿದ ಒಂದು ಮನೆಯಲ್ಲೂ ಇರದೆ, ತಗಡಿನ ಶೆಡ್ಡಿನಿಂದ ಶೆಡ್ಡಿಗೆ ಸಂಸಾರ ಹೊತ್ತು ತಿರುಗಿದ. ತಾಯಿ ಅವ್ವಮ್ಮ ಅದೇ ಕಟ್ಟಡಗಳಲ್ಲಿ ಜಲ್ಲಿ ಖಡಿ ಹೊರುತ್ತಿದ್ದಳು. ಅವರಿಗೆ ಬುತ್ತಿ ಒಯ್ಯುತ್ತಿದ್ದ ಶಿವಕಾಂತಾ ಅಪ್ಪನ ಸೈಕಲ್ಲಿನ ದಂಡಿಗೆಯ ಕೆಳಗಿಂದ ಕಾಲು ತೂರಿಸಿ ತುಳಿಯುವುದನ್ನು ಕಲಿತಳು. ಹತ್ತನೇ ಇಯತ್ತೆಯಲ್ಲಿದ್ದಾಗ ಶಾಲೆಗಳ ಸೈಕಲ್ ಪಂದ್ಯ ಇದೇ ಘಾಟಿನಲ್ಲಿ ನಡೆಯಿತು. ಶಿವಕಾಂತಾ ಮೊದಲು ಬಂದಳು, ಎರಡನೆಯವಳು ಕಣ್ಣಿಗೆ ಕಾಣದಷ್ಟು ಹಿಂದೆ ಉಳಿದಿದ್ದಳು. ರಾಜ್ಯದ ತರಬೇತಿ ಶಿಬಿರಕ್ಕೆ ಹೋಗಲು ಈ ಊರಿನವಳೆಂಬ ದಾಖಲೆ ಬೇಕು ಅಂದರು. ಶೆಡ್ಡಿಗೆ ಯಾವ ದಾಖಲೆ? ಶಿಬಿರಕ್ಕೆ ಎರಡನೆಯವಳು ಹೋದಳು. ಮುಂದೆ ಶಿವಕಾಂತಾಳ ಮದುವೆಯಾಯಿತು, ಮಗಳು ಶೀತಲ ಹುಟ್ಟಿದಳು, ಅಪ್ಪ ತೀರಿಕೊಂಡ.

ಎರಡು ಸಾವಿರದ ನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಘಾಟಿನಲ್ಲಿ ಅವಳಿಗೆ ಮಧುಕರ ಎಂಬವನ ಪರಿಚಯವಾಯಿತು. ಬ್ಯಾಂಕಿನಲ್ಲಿ ಕಾರಕೂನ, ಧಾರವಾಡದ ಕಡೆಯವನು. ರಜೆಯ ದಿನ ಗೇರಿನ ಸೈಕಲ್ ತಂದು ಅಭ್ಯಾಸ ಮಾಡುತ್ತಿದ್ದ. ಕರಿಯ ಅಟ್ಲಾಸ್ ಸೈಕಲ್ಲಿನ ಹೆಂಗಸೊಬ್ಬಳು ತನ್ನನ್ನು ದಾಟಿ ಹೋದದ್ದನ್ನು ನೋಡಿ, ನೆತ್ತಿಯ ಮೇಲೆ ನಿಲ್ಲಿಸಿ ಮಾತಾಡಿಸಿದ. ಹಿಮದ ಪಂದ್ಯದ ಸುದ್ದಿ ತಂದವನು ಅವನೇ. ಹಿಮಾಚಲದ ಮೇಲಿನ ಕಣಿವೆಯೊಂದರಲ್ಲಿ, ಜನವರಿಯಲ್ಲಿ, ಹೆಪ್ಪುಗಟ್ಟಿದ ದಾರಿಯ ಮೇಲೆ ಮೂರು ದಿನದ ಸೈಕಲ್ ಪಂದ್ಯ. ಪರ್ವತಾರೋಹಣದಲ್ಲಿ ಪಳಗಿದ ಕೆಲವರು ಕೂಡಿ ನಡೆಸುತ್ತಿದ್ದರು. ಶುಲ್ಕವಿಲ್ಲ, ಯಾರೂ ಆಯ್ಕೆ ಮಾಡಿ ಕಳಿಸಬೇಕಾಗಿಲ್ಲ, ಯಾವ ರಾಜ್ಯದವರು ಎಂದು ಕೇಳುವುದಿಲ್ಲ. ಮಧುಕರ ಹೋಗಬೇಕೆಂದಿದ್ದ, ಮಂಡಿ ಕೈಕೊಟ್ಟಿತ್ತು.

ಆದರೆ ಮೂರು ಸಂಗತಿ ಬೇಕಿತ್ತು. ಆ ಚಳಿ ತಡೆಯುವ ಬಟ್ಟೆ. ಏನಾದರೂ ಆದರೆ ನಾವು ಹೊಣೆ ಎಂದು ಬರೆದುಕೊಡುವ ಒಬ್ಬ ಯಜಮಾನ ಅಥವಾ ಸಂಸ್ಥೆ. ಮತ್ತು ಜೀಪಿನಲ್ಲಿ ಹಿಂದೆ ಬರಲು ತನ್ನ ಕಡೆಯ ಒಬ್ಬ ಜೊತೆಗಾರ. ಆ ಜೊತೆಗಾರ ಕೈ ಎತ್ತಿದರೆ ಸ್ಪರ್ಧಿ ಇಳಿಯಲೇಬೇಕು, ಅಲ್ಲಿಗೆ ಪಂದ್ಯ ಮುಗಿಯಿತು.

ಶಿವಕಾಂತಾಗೆ ಆಗ ಮೂವತ್ತಮೂರು. ಆ ದಿನದಿಂದ ಅವಳಿಗೆ ಊಟ ಸೇರಲಿಲ್ಲ.

ಜೊತೆಗಾರನಾಗಿ ಬರಲು ಮೊದಲು ಕೇಳಿದ್ದು ಗಂಡ ಮನೋಹರನನ್ನು. ಅವನು ಸೆಂಟ್ರಿಂಗ್ ಕೆಲಸದ ಮೇಸ್ತ್ರಿಯಾಗಿದ್ದವನು, ಈಗ ಹಡಪಸರದ ಮಂಡಿಯಲ್ಲಿ ತರಕಾರಿ ಟೆಂಪೊ ಓಡಿಸುತ್ತಿದ್ದ. ಅವನು ಕೆಲಸ ಬದಲಿಸಿದ್ದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ತಳೇಗಾಂವದ ಒಂದು ಕಟ್ಟಡದಲ್ಲಿ ಅವನ ತಮ್ಮ ಭೀಮು ಮೇಲಿಂದ ಬಿದ್ದು ಸತ್ತಿದ್ದ. ಭೀಮು ಹಗ್ಗ ಕಟ್ಟಿಕೊಳ್ಳದೆ ಹಲಗೆಯ ಮೇಲೆ ನಡೆಯುವುದನ್ನು ಮನೋಹರ ಕೆಳಗೆ ನಿಂತು ನೋಡಿದ್ದ. ಇಳಿ ಅಂತ ಕರೆಯಬೇಕೆಂದುಕೊಂಡಿದ್ದ, ಕರೆದಿರಲಿಲ್ಲ. ಆಮೇಲೆ ಅವನು ಏಣಿ ಹತ್ತಲಿಲ್ಲ, ತಳೇಗಾಂವದ ದಾರಿಯನ್ನೂ ತುಳಿಯಲಿಲ್ಲ. ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಒಲ್ಲೆ ಎಂದಷ್ಟೇ ಹೇಳಿ ಎದ್ದು ಹೋದ.

ಅವ್ವಮ್ಮ ಮಗಳ ತಲೆ ಕೆಟ್ಟಿದೆ ಅಂದುಕೊಂಡಳು. ವಯಸ್ಸಿಗೆ ಬರುತ್ತಿರುವ ಮಗಳಿದ್ದಾಳೆ, ಯಾವ ಸುಖಕ್ಕೆ ಸಾಯಲು ಹೋಗುತ್ತೀ ಎಂದು ಕೇಳಿದಳು. ಶಿವಕಾಂತಾ ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ಎಲ್ಲಿ ತನಕ ಹೋಗ್ಬೇಕು ಅಂತ ಇಲ್ಲಿ ತನಕ ಮಂದಿನೇ ಹೇಳ್ಯಾರ. ಒಂದ್ಸಲ ನನ್ನ ಕಾಲು ಹೇಳ್ಲಿ ಯವ್ವ."

ಅವ್ವಮ್ಮನಿಗೆ ಅದು ಉತ್ತರವೆಂದೇ ಅನ್ನಿಸಲಿಲ್ಲ.

ಹೊಣೆ ಹೊರುವವರನ್ನು ಹುಡುಕುತ್ತ ಶಿವಕಾಂತಾ ಅಲೆಯತೊಡಗಿದಳು. ವಾರದ ರಜೆಯೆಲ್ಲ ಅದಕ್ಕೇ ಹೋಯಿತು. ಕ್ರೀಡೆಗೆ ನೆರವಾಗುವ ಒಂದು ಟ್ರಸ್ಟಿನವರು ಪದಕ ತೋರಿಸು ಅಂದರು, ಅವಳ ಮರಾಠಿ ಕೇಳಿ ಮೂಲ ಊರು ಯಾವುದು ಅಂದರು, ಕರ್ನಾಟಕದವರನ್ನೇ ಕೇಳು ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ಮಧುಕರ ಬೆಂಗಳೂರಿನ ಕಚೇರಿಗೊಂದು ಫೋನು ಮಾಡಿದ. ಮಹಾರಾಷ್ಟ್ರದಲ್ಲಿ ಇರುವವರಿಗೆ ನಮ್ಮಲ್ಲಿ ಅವಕಾಶವಿಲ್ಲ ಎಂದು ಅವರು ಬಹಳ ಸೌಜನ್ಯದಿಂದ ತಿಳಿಸಿದರು. ಒಂದು ಕನ್ನಡ ಸಂಘದವರಂತೂ ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದರು, ಗಡಿಯಾಚೆಯ ವೀರವನಿತೆ ಅಂದರು, ಫೋಟೊ ತೆಗೆಸಿದರು. ಮರುದಿನ ಅವಳು ಕಾರ್ಯದರ್ಶಿಯ ಮನೆಗೆ ಹೋಗಿ ಪತ್ರದ ಮಾತು ಎತ್ತಿದಾಗ ಅವರು ಕನ್ನಡಕ ತೆಗೆದು ಒರೆಸುತ್ತ, ಹೊಣೆಯ ಮಾತು ಬಂದರೆ ಸಮಿತಿ ಒಪ್ಪುವುದಿಲ್ಲ ಅಂದರು. ಅವಳು ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಂದಳು. ಸಿಟ್ಟಿನಿಂದಲ್ಲ, ಮರೆತು.

ಉಳಿದವನು ಕಾರ್ಖಾನೆಯ ಮ್ಯಾನೇಜರ್ ಈರಬಸಪ್ಪ. ಬಾಗಲಕೋಟೆಯ ವ್ಯಾಪಾರಸ್ಥರ ಮನೆತನದವನು, ಕೆಲಸಗಾರರ ಮೇಲೆ ದನಿ ಎತ್ತದ ಮನುಷ್ಯ. ಕಾರ್ಖಾನೆಯ ಹೆಸರು ಇದರಲ್ಲಿ ಬರಬಾರದು ಎಂದು ಅವನೂ ಕೈ ಮುಗಿದ. ಡಿಸೆಂಬರ್ ಬಂದಿತ್ತು. ಶಿವಕಾಂತಾ ಆಗ ಮಾಡಿದ್ದು ಬುದ್ಧಿಯ ಕೆಲಸವಲ್ಲ. ಆ ಚಳಿಯನ್ನು ತಾನು ತಡೆಯಬಲ್ಲೆ ಎಂದು ತೋರಿಸಿದರೆ ಯಾರಾದರೂ ನಂಬಬಹುದು ಅಂದುಕೊಂಡು, ಪಾಳಿ ಮುಗಿದ ಮೇಲೆ ಕೋಲ್ಡ್ ರೂಮಿನೊಳಗೆ ಉಳಿದುಬಿಟ್ಟಳು. ಬಟಾಣಿಯ ಪೆಟ್ಟಿಗೆಗಳ ನಡುವೆ, ಕಂಪನಿ ಕೊಟ್ಟ ಕೋಟು ಹಾಕಿಕೊಂಡು, ನಿಂತಲ್ಲೇ ಕಾಲು ತುಳಿಯುತ್ತ. ಮೊದಲೆರಡು ಸಂಜೆ ಯಾರಿಗೂ ತಿಳಿಯಲಿಲ್ಲ. ಮೂರನೆಯ ಸಂಜೆ ಹಮಾಲರು ಬಾಗಿಲು ತೆಗೆದಾಗ ಅವಳು ಪೆಟ್ಟಿಗೆಗೆ ಒರಗಿ ಕೂತಿದ್ದಳು, ತುಟಿ ನೀಲಿಗಟ್ಟಿತ್ತು, ಹೆಸರು ಕೇಳಿದರೆ ನಾಲಿಗೆ ಹೊರಳಲಿಲ್ಲ.

ಈರಬಸಪ್ಪ ಓಡಿ ಬಂದ. ಬಿಸಿನೀರಿನ ಚೀಲ ತರಿಸಿದ, ಡಾಕ್ಟರನ್ನು ಕರೆಸಿದ. ಅವಳು ಸುಧಾರಿಸಿಕೊಂಡ ಮೇಲೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ.

ಕೆಲಸ ಹೋದ ಸುದ್ದಿ ಕೇಳಿ ಮನೋಹರ ಏನೂ ಅನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ನಾಲ್ಕಾರು ದಿನ ಅವಳು ಮನೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿದಳು. ಶೀತಲ ಶಾಲೆಯಿಂದ ಬಂದು ತಾನೇ ಅನ್ನಕ್ಕಿಡುತ್ತಿದ್ದಳು. ಆಮೇಲೊಂದು ಭಾನುವಾರ ಶಿವಕಾಂತಾ ಎದ್ದು ತಲೆ ಬಾಚಿಕೊಂಡು, ಸೈಕಲ್ ಹತ್ತಿ ತಳೇಗಾಂವಕ್ಕೆ ಹೊರಟಳು. ಈರಬಸಪ್ಪನ ಹೊಸ ಮನೆ ಅಲ್ಲಿತ್ತು, ವಾರದ ರಜೆಗೆ ಅವನು ಅಲ್ಲಿಗೇ ಹೋಗುತ್ತಿದ್ದ. ಊರಿನ ಈ ತುದಿಯಿಂದ ಆ ತುದಿ ದಾಟಿ, ಹೆದ್ದಾರಿಯ ಟ್ರಕ್ಕುಗಳ ಧೂಳು ತಿನ್ನುತ್ತ ಅವಳು ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿದಳು.

ಈರಬಸಪ್ಪನ ಹೆಂಡತಿ ಬಸವಣ್ಣೆವ್ವ ಕಟ್ಟೆಯ ಮೇಲೆ ಕೂತಿದ್ದವಳನ್ನು ಒಳಗೆ ಕರೆದು, ಮೊದಲು ಉಣ್ಣು, ಮಾತು ಆಮೇಲೆ ಅಂದಳು. ಹಡಪಸರದಿಂದ ಸೈಕಲ್ ಮೇಲೆ ಬಂದಿದ್ದಾಳೆಂದು ತಿಳಿದಾಗ ಅವಳ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಶಿವಕಾಂತಾಗೆ ಬೇಡಿಕೊಳ್ಳುವ ಮಾತು ಬರುತ್ತಿರಲಿಲ್ಲ. ಪತ್ರ ಕೊಡ್ರಿ ಎಂದಷ್ಟೇ ಮತ್ತೆ ಮತ್ತೆ ಹೇಳಿದಳು.

"ನಾಳೆ ನೀ ಸತ್ರ ನನ್ನ ಕೇಳ್ತಾರವಾ," ಎಂದ ಈರಬಸಪ್ಪ.

"ಸತ್ರ ನಿಮ್ಮನ್ನ ಕೇಳ್ತಾರ, ಖರೆ ಅದ ಸಾಹೇಬ್ರ. ಬದುಕಿದ್ದಾಗ ನನ್ನ ಯಾರೂ ಏನೂ ಕೇಳಿಲ್ರಿ."

ಈರಬಸಪ್ಪ ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದ. ಅವತ್ತು ಪತ್ರ ಸಿಗಲಿಲ್ಲ. ಅವಳು ಬಂದ ದಾರಿಯಲ್ಲೇ ತಿರುಗಿದಳು. ಖಡಕಿ ದಾಟುವಾಗ ಅಳು ಒತ್ತರಿಸಿ ಬಂದು, ಕಣ್ಣು ಕಾಣದೆ, ಸೈಕಲ್ ನಿಲ್ಲಿಸಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಇಷ್ಟಕ್ಕೇ ಬಿಟ್ಟುಬಿಡಬೇಕು ಅಂದುಕೊಂಡದ್ದು ಅದೊಂದೇ ಸಲ.

ಮುಂದಿನ ವಾರ ಬಸವಣ್ಣೆವ್ವನೇ ಹಡಪಸರಕ್ಕೆ ಬಂದಳು. ಕಂಪನಿಯ ಹೆಸರಿನಲ್ಲಲ್ಲ, ಗಂಡನ ಸ್ವಂತ ಹೆಸರಿನಲ್ಲಿ ಬರೆದ ಹೊಣೆಪತ್ರ ತಂದಿದ್ದಳು. ಜೊತೆಗೊಂದು ಗಂಟು. ಕೋಲ್ಡ್ ರೂಮಿನ ಹಳೆಯ ಕೋಟು, ಪ್ಯಾಂಟು, ಬೂಟು, ಕೈಗವಸು. ಎರಡು ದಿನದಿಂದ ಊಟ ಬಿಟ್ಟಿದ್ದರು ನಮ್ಮವರು ಎಂದಷ್ಟೇ ಹೇಳಿ, ನೀರು ಕುಡಿದು ಹೋದಳು.

ಜೊತೆಗಾರ ಇನ್ನೂ ಇರಲಿಲ್ಲ. ಯಾರೂ ಇಲ್ಲದಿದ್ದರೆ ಅಲ್ಲಿಯ ಒಬ್ಬನನ್ನು ಕೊಡುತ್ತೇವೆ ಎಂದು ಪಂದ್ಯದವರು ಮಧುಕರನಿಗೆ ತಿಳಿಸಿದ್ದರು. ಅದನ್ನು ಕೇಳಿ ಮನೋಹರ ಅಷ್ಟು ದಿನಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟ.

"ಬ್ಯಾರೆಯವ ಕೈ ಎತ್ತಂಗಿಲ್ಲ. ನಾ ಬರ್ತೀನಿ. ನಾ ಕೈ ಎತ್ತಿದ್ರ ನೀ ಇಳೀಬೇಕು. ಮಾತ್ ಕೊಡು."

ಅವಳು ಕೊಟ್ಟಳು.

ಮಧುಕರ ತನ್ನ ಸೈಕಲ್ ಕೊಟ್ಟ. ಹಡಪಸರದ ಸೈಕಲ್ ಅಂಗಡಿಯ ಕಾಡಪ್ಪ ಹಿಮದಲ್ಲಿ ಜಾರದ ಹಾಗೆ ಟಯರಿನ ಒಳಗಿನಿಂದ ಚಿಕ್ಕ ಚಿಕ್ಕ ಸ್ಕ್ರೂ ಹೊಡೆದು ಕೊಟ್ಟ. ಗಂಡ ಹೆಂಡತಿ ರೈಲು ಹತ್ತಿದರು.

ಆ ಕಣಿವೆಯಲ್ಲಿ ಮರವಿರಲಿಲ್ಲ, ಹಕ್ಕಿಯಿರಲಿಲ್ಲ. ಬೆಳಕು ಮಾತ್ರ ಕಣ್ಣು ಕುಕ್ಕುವಷ್ಟಿತ್ತು. ಹೊರಟವರಲ್ಲಿ ಹೆಂಗಸು ಇವಳೊಬ್ಬಳೇ. ಮೊದಲ ದಿನವೇ ಅರ್ಧದಷ್ಟು ಜನ ಇಳಿದರು. ಶಿವಕಾಂತಾ ಎಲ್ಲರಿಗಿಂತ ಹಿಂದಿದ್ದಳು, ಆದರೆ ಇಳಿಯಲಿಲ್ಲ. ಎರಡನೆಯ ದಿನ ಗಾಳಿ ಎದುರಾಯಿತು. ಮೂರನೆಯ ದಿನ ಒಂದು ತೊರೆಯ ಮೇಲೆ ಹೆಪ್ಪುಗಟ್ಟಿದ ಪದರ ಒಡೆದು ಅವಳು ಮುಗ್ಗರಿಸಿದಳು. ಎಡಗೈ ಮಣಿಕಟ್ಟಿನ ತನಕ ನೀರಿಗೆ ಹೋಯಿತು. ಮುಂದಿನ ನಿಲುಗಡೆಯಲ್ಲಿ ಅವಳಿಗೆ ಬಾಟಲಿಯ ಮುಚ್ಚಳ ತಿರುವಲಾಗಲಿಲ್ಲ. ಮನೋಹರ ಗವಸು ತೆಗೆದು ನೋಡಿದ. ಎರಡು ಬೆರಳು ಮೇಣದ ಹಾಗೆ ಬೆಳ್ಳಗಾಗಿದ್ದವು. ತನ್ನ ಕಂಕುಳಲ್ಲಿಟ್ಟುಕೊಂಡು ತಿಕ್ಕಿದ. ನೋಯುತ್ತದೆಯೇ ಎಂದರೆ ಇಲ್ಲ ಅಂದಳು. ತನ್ನ ಒಣ ಗವಸನ್ನು ಅವಳಿಗೆ ತೊಡಿಸಿದ. ಅವಳು ಮತ್ತೆ ಸೈಕಲ್ ಹತ್ತಿದಾಗ ಜೀಪನ್ನು ಮುಂದೆ ಬಿಡಿಸಿ, ತಿರುವಿನಲ್ಲಿ ಇಳಿದು, ದಾರಿಯ ನಡುವೆ ನಿಂತು ಕೈ ಎತ್ತಿದ.

ಅವಳು ನಿಧಾನ ಮಾಡಿದಳು. ಒಂದು ಕಾಲು ನೆಲಕ್ಕೆ ಊರಿದಳು.

"ಮಾತ್ ಕೊಟ್ಟಿದ್ದೆ. ಇವತ್ತ ಮುರೀಲಕತ್ತೀನ್ರಿ. ಬೈರಿ, ಆದ್ರ ಹಿಂದಿಂದ ಬರ್ರಿ."

ಅವನ ಪಕ್ಕದಿಂದ ಹಾದು ಹೋದಳು. ಮನೋಹರ ಎತ್ತಿದ ಕೈಯನ್ನು ಇಳಿಸದೆ ಬಹಳ ಹೊತ್ತು ಅಲ್ಲೇ ನಿಂತಿದ್ದನಂತೆ. ಜೀಪಿನ ಡ್ರೈವರ್ ಬಂದು ಭುಜ ಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಅವಳು ಕಡೆಯ ಹಳ್ಳಿ ಮುಟ್ಟಿದಾಗ ಬಿಸಿಲು ಬೆಟ್ಟದ ಆಚೆ ಹೋಗಿತ್ತು. ಕಾದಿದ್ದವರು ಕಂಬಳಿ ಹೊದಿಸಿ ಒಳಗೆ ಒಯ್ದರು. ಪಂದ್ಯದ ಹಿರಿಯರೊಬ್ಬರು ಮನೋಹರನನ್ನು ಕರೆದು, ನೀನು ತಿರುವಿನಲ್ಲಿ ಕೈ ಎತ್ತಿದ್ದನ್ನು ಹಿಂದೆ ಬರುತ್ತಿದ್ದ ಇನ್ನೊಂದು ಜೀಪಿನವರು ಕಂಡಿದ್ದಾರೆ, ನಿಲ್ಲಿಸಿದೆಯಾ ಎಂದು ಕೇಳಿದರು. ಹೌದು ಎಂದರೆ ಅವಳು ಮುಗಿಸಿದ್ದು ಲೆಕ್ಕಕ್ಕಿಲ್ಲ. ಮನೋಹರ ಡ್ರೈವರನ ಮುಖ ನೋಡಿದ. ಡ್ರೈವರ್ ಕೋಣೆ ಕಾಯಿಸುವ ಬುಖಾರಿ ಒಲೆಗೆ ಕಟ್ಟಿಗೆ ತುಂಬತೊಡಗಿದ. ಮನೋಹರ ತನ್ನ ಮರಾಠಿ ಬೆರೆತ ಹಿಂದಿಯಲ್ಲಿ, ನಿಲ್ಲಿಸಲಿಲ್ಲ ಸಾಹೇಬರೇ, ಹೋಗು ಹೋಗು ಎಂದು ಕೈ ಬೀಸಿದೆ ಅಂದ. ಮುಗಿಸಿದವರ ಹೆಸರು ಓದಿದಾಗ ಕಡೆಯದು ಅವಳದಾಗಿತ್ತು.

ಪುಣೆಗೆ ಬಂದ ಮೇಲೆ ಎಡಗೈಯ ಎರಡು ಬೆರಳಿನ ತುದಿ ತೆಗೆಯಬೇಕಾಯಿತು. ಅವ್ವಮ್ಮ ಆಸ್ಪತ್ರೆಯಲ್ಲೇ ಎದೆ ಬಡಿದುಕೊಂಡಳು. ಮನೋಹರ ಅಂದಿನಿಂದ ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದು ದಿನ ಅವಳ ಪಟ್ಟಿ ಬದಲಿಸುತ್ತ, ಎರಡನೇ ಸಲವೂ ನಾನು ನಿಲ್ಲಿಸಲಿಲ್ಲ ಅಂದ. ಅವನು ಭೀಮುವಿನ ಮಾತಾಡುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ನಿಲ್ಲಿಸಿದ್ರಿ," ಅಂದಳು ಶಿವಕಾಂತಾ. "ನಾ ನಿಂದರಲಿಲ್ಲ. ಎರಡಕ್ಕೂ ಫರಕ್ ಅದ."

ಮನೋಹರ ಪಟ್ಟಿಯ ಗಂಟು ಬಿಗಿದು, ಎದ್ದು ಟೆಂಪೊ ತೆಗೆದುಕೊಂಡು ಹೋದ.

ಮುಂದಿನ ವರ್ಷ ಆ ಪಂದ್ಯ ನಡೆಯಲಿಲ್ಲ, ಆಮೇಲೂ ನಡೆದ ಸುದ್ದಿಯಿಲ್ಲ. ಈರಬಸಪ್ಪ ಅವಳನ್ನು ಮತ್ತೆ ಕೆಲಸಕ್ಕೆ ಕರೆದ. ಥಂಡಿಯಲ್ಲಿ ಆ ಬೆರಳು ತಾಳುವುದಿಲ್ಲವೆಂದು ಸುಲಿದ ಬಟಾಣಿ ಬಂದು ಬೀಳುವ ಅಂಗಳಕ್ಕೆ ಹಾಕಿದ. ಗಾಯ ಮಾಯುವ ತನಕ ಅವಳಿಗೆ ತಾನೇ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಶೀತಲ ಮುಂಜಾನೆಯ ಶಾಲೆಗೆ ಹೋಗಿರುತ್ತಿದ್ದಳು. ಮನೋಹರನೇ ಹೆಣೆಯುತ್ತಿದ್ದ, ಸೆಂಟ್ರಿಂಗ್ ಹಲಗೆಗೆ ಹಗ್ಗ ಬಿಗಿದಂತೆ, ತಲೆ ನೋಯುವಷ್ಟು ಗಟ್ಟಿಯಾಗಿ. ಅಂಗಳದ ಹೆಂಗಸರು ಆ ಜಡೆಯನ್ನು ಎತ್ತಿ ಎತ್ತಿ ನೋಡಿ ನಗುತ್ತಿದ್ದರು. ಸಡಿಲ ಮಾಡಿಕೊಡುತ್ತೇವೆ ಬಾ ಅಂದರೆ ಅವಳು ಒಲ್ಲೆ ಅನ್ನುತ್ತಿದ್ದಳು.