ಕಾಲುಂಗುರ ಮತ್ತು ಕರೆಂಟಿನ ಪೆಟ್ಟಿಗೆ

ಹೆರಿಗೆಯಾದ ಮೇಲೆ ಸೊಂಟದಿಂದ ಎಡಪಾದದವರೆಗೆ ಹಿಡಿದ ನೋವು ಎಂಟು ತಿಂಗಳಾದರೂ ಬಿಡಲಿಲ್ಲ. ಮಗು ಅಂಬೆಗಾಲಿಕ್ಕಿ ಬಂದು ಸೀರೆಯ ಅಂಚು ಹಿಡಿದು ಅಳುತ್ತಿದ್ದರೂ ಬಗ್ಗಿ ಎತ್ತಿಕೊಳ್ಳಲು ನನ್ನಿಂದಾಗುತ್ತಿರಲಿಲ್ಲ. ಬರಬರುತ್ತ ಅವನು ನನ್ನನ್ನು ಬಿಟ್ಟು ಅತ್ತೆಯ ಕಡೆಗೇ ತಿರುಗತೊಡಗಿದ.

ಪಕ್ಕದ ಎಸ್ಟೇಟಿನ ದೊರೆ ಸಾಮಾನು ಮಾರಿ ಇಂಗ್ಲೆಂಡಿಗೆ ಹೊರಟಾಗ ನನ್ನ ಗಂಡ ಕೊಂಡುತಂದದ್ದು ಆ ಮರದ ಪೆಟ್ಟಿಗೆ. ಹಿಡಿ ತಿರುಗಿಸಿದರೆ ಕರೆಂಟು ಹುಟ್ಟುತ್ತಿತ್ತು. ಎರಡು ತಂತಿ, ತುದಿಯಲ್ಲಿ ಹಿತ್ತಾಳೆಯ ಬಿಲ್ಲೆಗಳು. ಒದ್ದೆ ಬಟ್ಟೆ ಸುತ್ತಿ ಒಂದನ್ನು ಸೊಂಟಕ್ಕೆ, ಇನ್ನೊಂದನ್ನು ಪಾದಕ್ಕೆ ಕಟ್ಟಬೇಕು. ಮುಚ್ಚಳದೊಳಗೆ ಅಂಟಿಸಿದ್ದ ಇಂಗ್ಲಿಷ್ ಸೂಚನೆಯನ್ನು ಅತ್ತೆಗೆ ಓದಿ ಹೇಳಿದವಳು ನಾನೇ. ಮೈಮೇಲಿನ ಒಡವೆ ತೆಗೆಯಬೇಕೆಂಬ ಸಾಲನ್ನು ಮಾತ್ರ ನುಂಗಿಕೊಂಡೆ. ಮುತ್ತೈದೆ ಕಾಲುಂಗುರ ಬಿಚ್ಚುವ ಮಾತೆತ್ತಿದರೆ ಪೆಟ್ಟಿಗೆಯೇ ಅಂಗಳಕ್ಕೆ ಬೀಳುತ್ತಿತ್ತು.

ಕಾಫಿ ಹಣ್ಣು ಕೀಳುವ ಪಿಕಿಂಗ್ ಕಾಲ, ಗಂಡ ತೋಟದಲ್ಲಿದ್ದರು. ಅತ್ತೆಯೇ ಹಿಡಿ ತಿರುಗಿಸಿದರು.

"ಗ್ರಾಮಫೋನಿನ ಹಾಂಗೇ ಉಂಟು. ಪದ ಮಾತ್ರ ನೀನೇ ಹೇಳ್ಬೇಕು," ಎಂದು ನಕ್ಕರು.

ಕಾಲಿನುದ್ದಕ್ಕೂ ಇರುವೆ ಸಾಲು ಹರಿದಂತಾಯಿತು. ನೋವು ಮಂಕಾಗುತ್ತಿದೆ ಎನ್ನುವಷ್ಟರಲ್ಲಿ ಉಂಗುರದ ಕೆಳಗೆ ಕೆಂಡವಿಟ್ಟಂತಾಗಿ ಚೀರಿದೆ. ಅತ್ತೆ ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಬೆರಳ ಸುತ್ತ ಕೆಂಪಗೆ ಬರೆ.

"ಇದೆಂತ ಮಾರಾಯ್ತಿ! ಆ ಕಾಗದದಲ್ಲಿ ಬರ್ದಿಲ್ವಾ?"

"ಬರ್ದುಂಟು ಅತ್ತೆ. ನಾನೇ ಹೇಳ್ಲಿಲ್ಲ."

"ಕಾನ್ವೆಂಟಿನಲ್ಲಿ ಕಲಿಸಿದ್ದು ಇದನ್ನಾ?"

ಅವರು ಪೆಟ್ಟಿಗೆ ಮುಚ್ಚಿದರು. ನಾನು ಅವರ ಕೈ ಹಿಡಿದುಕೊಂಡೆ.

"ಉಂಗುರ ತೆಗೀರಿ ಅತ್ತೆ. ಬೇಕಾದ್ದು ಬೈರಿ. ನಂಗೆ ಒಂದ್ಸಲ ಅವನನ್ನ ಎತ್ಬೇಕು."

ಅವರು ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲವೆಂದುಕೊಂಡೆ. ದೇವರ ಕೋಣೆಯಿಂದ ನೂಲು ತಂದರು. ಅದಕ್ಕೆ ಅರಿಸಿನ ತೀಡಿ, ಉಂಗುರದ ಹಿಂದೆ ಬೆರಳಿಗೆ ಕಟ್ಟಿದರು. ಆಮೇಲೆಯೇ ಎಣ್ಣೆ ಸವರಿ ಉಂಗುರ ಜಾರಿಸಿದ್ದು. ಒಂದು ಗಳಿಗೆಯೂ ನನ್ನ ಬೆರಳು ಬರಿದಾಗಲು ಅವರು ಬಿಡಲಿಲ್ಲ. ಇನ್ನೊಂದು ಕಾಲಿನದನ್ನು ಮುಟ್ಟಲೂ ಇಲ್ಲ.

ಮತ್ತೆ ಹಿಡಿ ತಿರುಗಿಸಿದರು, ತಮ್ಮ ತೋಳು ಸೋಲುವವರೆಗೆ. ನಾನು ತುಟಿ ಕಚ್ಚಿಕೊಂಡಿದ್ದೆ, ನರಳಿದರೆ ನಿಲ್ಲಿಸಿಬಿಟ್ಟಾರು.

ಎದ್ದಾಗ ಕಾಲು ಬೇರೆ ಯಾರದೋ ಎಂಬಂತಿತ್ತು. ಬಗ್ಗಿದೆ, ಪಕ್ಕದಲ್ಲೇ ಆಡುತ್ತಿದ್ದ ಮಗುವನ್ನು ಎತ್ತಿದೆ. ಅವನು ಕತ್ತು ಹಿಂದೆಳೆದು ನನ್ನ ಮುಖ ನೋಡಿದ. ತುಟಿ ಬಿಗಿದು, ಅತ್ತೆಯತ್ತ ಎರಡೂ ಕೈ ಚಾಚಿದ.

"ಕೊಡು ಇತ್ತ," ಎಂದರು ಅತ್ತೆ, ಮೆಲ್ಲಗೆ.

ಸೊಂಟದಲ್ಲಿ ನೋವು ಆಗಲೇ ಕದಲುತ್ತಿತ್ತು. ನಾನು ಕೊಡಲಿಲ್ಲ. ಅಳುತ್ತಿದ್ದವನನ್ನು ಅವುಚಿಕೊಂಡು, ಬೆನ್ನು ಗೋಡೆಗೆ ಕೊಟ್ಟು, ಕಾಲು ತಡೆದಷ್ಟು ಹೊತ್ತೂ ನಿಂತೆ.