ಬೆರಳು ಡಾಕ್ಟರ ಲೈಸೆನ್ಸು

ಅಪ್ಪ ಅಮ್ಮ ಇಟ್ಟ ಹೆಸರು ಹಲ್ಲಿನ ಡಾಕ್ಟರಿಗೂ ಒಂದಿತ್ತು. ಬಾಗಿಲ ಬೋರ್ಡಿನ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆಸಿಯೂ ಇದ್ದರು. ಆದರೆ ಆ ಬೀದಿಯಲ್ಲಿ ಅದನ್ನು ಓದುವ ಗೋಜಿಗೆ ಹೋದವರಿಲ್ಲ. ಎಲ್ಲರಿಗೂ ಅವರು ಬೆರಳು ಡಾಕ್ಟರು.

ಹಲ್ಲಿನ ಎಕ್ಸ್-ರೇ ತೆಗೆಯಬೇಕಾದರೆ ಅಂಚೆಚೀಟಿಗಿಂತ ತುಸು ದೊಡ್ಡದಾದ ಫಿಲ್ಮೊಂದನ್ನು ಬಾಯೊಳಗೆ, ಹಲ್ಲಿನ ಹಿಂಬದಿಗೆ ಒತ್ತಿ ಹಿಡಿಯಬೇಕು. ಅದಕ್ಕೆಂದೇ ಪ್ಲಾಸ್ಟಿಕ್ಕಿನ ಕಡ್ಡಿ ಬರುತ್ತದೆ. ರೋಗಿ ಅದನ್ನು ಕಚ್ಚಿಕೊಂಡು ಕೂತರೆ ಫಿಲ್ಮು ಅಲುಗಾಡುವುದಿಲ್ಲ, ಡಾಕ್ಟರು ಗೋಡೆಯಾಚೆ ನಿಂತು ಗುಂಡಿ ಒತ್ತಬಹುದು. ನಮ್ಮ ಡಾಕ್ಟರು ಆ ಕಡ್ಡಿಯ ಪೊಟ್ಟಣವನ್ನೇ ಒಡೆದಿರಲಿಲ್ಲ. ಬಲಗೈ ತೋರುಬೆರಳನ್ನು ರೋಗಿಯ ಬಾಯೊಳಗಿಟ್ಟು ಫಿಲ್ಮು ಹಿಡಿದು, ಎಡಗೈಯಲ್ಲಿ ಗುಂಡಿ ಅದುಮುತ್ತಿದ್ದರು. ಯಾರಾದರೂ ಕೇಳಿದರೆ, “ಪ್ಲಾಸ್ಟಿಕ್ ಕೊಟ್ಟು ಕಚ್ಚು ಅನ್ನೋಕೆ ನಾನೇನು ನಾಯಿ ಪಳಗಿಸ್ತಿದ್ದೀನಾ?” ಎನ್ನುತ್ತಿದ್ದರು.

ಜನಕ್ಕೂ ಅದೇ ರೂಢಿಯಾಗಿತ್ತು. ಡಾಕ್ಟರು ಬೆರಳಿಟ್ಟರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ ಎಂದು ಹೇಳಿಕೊಂಡು ಓಡಾಡುವವರಿದ್ದರು. ಹಲ್ಲು ಗಟ್ಟಿಯಾಗಿದ್ದವರೂ ಸುಮ್ಮನೆ ಒಮ್ಮೆ ಬೆರಳಿಡಿಸಿಕೊಂಡು ಹೋಗೋಣವೆಂದು ಬರುತ್ತಿದ್ದರು. ಹೊಗಳಿಕೆ ಕೇಳಿ ಕೇಳಿ ಡಾಕ್ಟರ ತಲೆ ಸ್ವಲ್ಪ ತಿರುಗಿತ್ತು ಎಂದರೆ ಸುಳ್ಳಲ್ಲ.

ತಿರುಗದೆ ಉಳಿದದ್ದು ಅವರ ಹೆಂಡತಿಯ ತಲೆ. ಕ್ಲಿನಿಕ್ಕು ಕೆಳಗೆ, ಮನೆ ಮೇಲೆ. ಹೆಂಡತಿ ಬೆಳಿಗ್ಗೆ ಕೆಳಗಿಳಿದು ರೋಗಿಗಳನ್ನು ಕೂರಿಸುತ್ತಿದ್ದಳು, ಹಲ್ಲಿಗೆ ತುಂಬುವ ಸಿಮೆಂಟು ಕಲಸಿ ಕೊಡುತ್ತಿದ್ದಳು, ಮೆಟ್ಟಿಲ ಅಡಿಯ ಕತ್ತಲೆ ಗೂಡಿನಲ್ಲಿ ಫಿಲ್ಮು ತೊಳೆಯುತ್ತಿದ್ದಳು. ಗಂಡನ ಆ ಬೆರಳು ದಿನವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಉಗುರು ಉದ್ದಕ್ಕೆ ಸೀಳಿತ್ತು. ಪಕ್ಕದ ಚರ್ಮ ಕಪ್ಪಾಗಿ, ಬೆಂಕಿಕಡ್ಡಿ ಗೀರಿದರೆ ಹತ್ತಿಕೊಂಡೀತು ಎನ್ನುವಷ್ಟು ಒರಟಾಗಿತ್ತು. ಅಂಚಿನಲ್ಲಿ ಒಂದು ಗಾಯ ಮಾಯುವಂತೆ ಮಾಡಿ ಮತ್ತೆ ಬಾಯಿ ಬಿಡುತ್ತಿತ್ತು. ಡಾಕ್ಟರು ಸೋಪಿನ ಮೇಲೆ ತಪ್ಪು ಹೊರಿಸಿ ಸೋಪು ಬದಲಾಯಿಸುತ್ತಿದ್ದರು.

“ರೀ, ಆ ಕಿರಣ ಬೀಳೋ ಕಡೆ ಬೆರಳಿಡಬೇಡ್ರೀ” ಎಂದು ಅವಳು ಹೇಳುತ್ತಲೇ ಬಂದಿದ್ದಳು. ಡಾಕ್ಟರು “ಹೂಂ” ಎನ್ನುತ್ತಲೇ ಬಂದಿದ್ದರು. ಇದು ಇಪ್ಪತ್ತು ವರ್ಷದ ಸಂಭಾಷಣೆ. ಅವಳಿಗೆ ನಿಜಕ್ಕೂ ಭಯವಾಗುತ್ತಿತ್ತು. ಬೆರಳು ಹೋದರೆ ಕಸುಬು ಹೋಗುತ್ತದೆ, ರೋಗ ಬೆರಳಿನಿಂದ ಮುಂದಕ್ಕೆ ನಡೆದರೆ ಮನುಷ್ಯನೇ ಹೋಗುತ್ತಾನೆ. ಇದನ್ನು ಅವಳು ಬಾಯಿಬಿಟ್ಟು ಹೇಳಿದರೂ ಸಿಗುತ್ತಿದ್ದದ್ದು ಅದೇ “ಹೂಂ”.

ಅಷ್ಟರಲ್ಲಿ ಎಕ್ಸ್-ರೇ ಮೆಷಿನ್ನಿನ ಲೈಸೆನ್ಸು ಮುಗಿಯುತ್ತ ಬಂತು. ಹೊಸದು ಬೇಕಾದರೆ ಹೊಸ ನಿಯಮ. ಮೆಷಿನ್ನು ಇರುವ ಕಡೆ ತರಬೇತಿಯಾಗಿ ಪರೀಕ್ಷೆ ಪಾಸಾದ ವಿಕಿರಣ ಸುರಕ್ಷತಾ ಅಧಿಕಾರಿ ಒಬ್ಬರು ಇರಲೇಬೇಕು. ಕಿರಣದ ವಿಷಯದಲ್ಲಿ ಅವರ ಮಾತೇ ಕೊನೆ, ಡಾಕ್ಟರೂ ಕೇಳಬೇಕು. ಅವರ ಸಹಿ ಇಲ್ಲದೆ ಲೈಸೆನ್ಸಿಲ್ಲ.

ಸಣ್ಣ ಕ್ಲಿನಿಕ್ಕುಗಳಲ್ಲಿ ಡಾಕ್ಟರೇ ಪರೀಕ್ಷೆ ಬರೆದು ತಮಗೆ ತಾವೇ ಅಧಿಕಾರಿಯಾಗಿ, ತಮ್ಮ ಮಾತನ್ನು ತಾವೇ ಕೇಳಿಕೊಂಡು ಇದ್ದುಬಿಡುತ್ತಾರೆ. ನಮ್ಮವರಿಗೆ ಬೆಂಚಿನ ಮೇಲೆ ಕೂರುವುದೆಂದರೆ ಮಾನ ಹೋದಂತೆ. “ಈ ವಯಸ್ಸಲ್ಲಿ ನಾನು ಪಾಠ ಹೇಳಿಸಿಕೊಳ್ಳಲಾ? ನೀನೇ ಹೋಗಿ ಬಾರೇ. ಹೇಗೂ ಕ್ಲಿನಿಕ್ಕಲ್ಲೇ ಇರ್ತೀಯ” ಎಂದರು.

ಅವಳು ಹೋದಳು, ಕಲಿತಳು, ಪಾಸಾಗಿ ಬಂದಳು. ಡಾಕ್ಟರು ನಗುತ್ತಲೇ ನೇಮಕಪತ್ರಕ್ಕೆ ಸಹಿ ಹಾಕಿದರು. ಅಧಿಕಾರಿಯ ಆದೇಶಕ್ಕೆ ಬದ್ಧನಾಗಿರುತ್ತೇನೆ ಎಂಬ ಸಾಲು ಅದರಲ್ಲಿತ್ತು. ಓದದೆ ಸಹಿ ಹಾಕಿದವರ ಗತಿ ಏನಾಗುತ್ತದೋ ಅದೇ ಅವರಿಗೂ ಆಯಿತು.

ಮರುದಿನ ದರ್ಜಿ ಹೆಂಗಸೊಬ್ಬಳು ಹಲ್ಲುನೋವೆಂದು ಬಂದು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು. ಡಾಕ್ಟರು ಬೆರಳಿಟ್ಟರು.

“ಡಾಕ್ಟರೇ, ಬೆರಳು ಹೊರಗೆ ತೆಗೀರಿ.”

ಯಾರೋ ಹೊರಗಿನವರು ಬಂದರೆಂದು ಅವರು ತಿರುಗಿ ನೋಡಿದರು. ಮದುವೆಯಾದಂದಿನಿಂದ ಹೆಂಡತಿ ಅವರನ್ನು ‘ರೀ’ ಎಂದಲ್ಲದೆ ಇನ್ನೊಂದು ಹೆಸರಿನಿಂದ ಕರೆದಿರಲಿಲ್ಲ.

“ಯಾಕೇ?”

“ಡ್ಯೂಟಿಯಲ್ಲಿದ್ದೀನಿ. ಮೇಡಂ ಅನ್ನಿ.” ಸೀರೆಯ ಮೇಲೆ ಅಧಿಕಾರಿಯ ಬ್ಯಾಡ್ಜು ಹೊಳೆಯುತ್ತಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕಡ್ಡಿಯ ಹೊಸ ಪೊಟ್ಟಣ.

ದರ್ಜಿ ಹೆಂಗಸು ತೆರೆದ ಬಾಯಿ ಮುಚ್ಚಲಿಲ್ಲ. ಬಟ್ಟೆ ಅಳೆಯುವ ಕಣ್ಣಿನಿಂದ ಒಮ್ಮೆ ಗಂಡನನ್ನು, ಒಮ್ಮೆ ಹೆಂಡತಿಯನ್ನು ಅಳೆದಳು. ಡಾಕ್ಟರಿಗೆ ಬೇರೆ ದಾರಿ ಇರಲಿಲ್ಲ. ಹಲ್ಲು ಕಡಿದುಕೊಂಡು ಕಡ್ಡಿ ಕಚ್ಚಿಸಿದರು.

ಮಧ್ಯಾಹ್ನ ದುಸುಮುಸು ಎನ್ನುತ್ತ ಮೇಲೆ ಹೋದರು. ಮೆಟ್ಟಿಲು ಅರ್ಧದಲ್ಲಿ ತಿರುಗುವ ಕಡೆ ಒಂದು ಕಿಟಕಿ, ಒಂದು ಗೂಟ. ಅಲ್ಲಿ ಬಿಳಿ ಕೋಟು ನೇತುಹಾಕುವುದು ಅವರ ಅಭ್ಯಾಸ. ಅದೇ ಗೂಟದಲ್ಲಿ ಆಗಲೇ ಬ್ಯಾಡ್ಜು ತೂಗುತ್ತಿತ್ತು. ಮೇಲೆ ಹೆಂಡತಿ ತಟ್ಟೆ ಹಾಕಿ ಕೂತಿದ್ದಳು.

“ಯಾಕ್ರೀ, ಮುಖ ಹೀಗಿದೆ?”

ಡಾಕ್ಟರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಹೊಟ್ಟೆಯೊಳಗಿದ್ದದ್ದು ಹೊರಬಂತು. “ಕೆಳಗಡೆ ಒಬ್ಬಳು ಬಂದು ವಕ್ಕರಿಸಿದ್ದಾಳೆ ಕಣೇ. ಅಧಿಕಾರಿಯಂತೆ.”

“ಅಯ್ಯೋ. ಏನಂದ್ಲು?”

“ಪೇಷಂಟ್ ಮುಂದೇನೇ ಬೆರಳು ತೆಗೀರಿ ಅಂದ್ಲು!”

“ಮುಂದೇನೇ ಅಂದ್ಲಾ? ಅಷ್ಟೊಂದು ಬಿಗುಮಾನ ಇರಬಾರದಪ್ಪಾ. ಇನ್ನೊಂಚೂರು ಬಡಿಸ್ಲಾ?”

ಡಾಕ್ಟರಿಗೆ ಎದೆ ಹಗುರವಾಯಿತು. ತನ್ನ ಪರವಾಗಿ ಮಾತಾಡುವವಳು ಮನೆಯಲ್ಲಿ ಒಬ್ಬಳಾದರೂ ಇದ್ದಾಳಲ್ಲ ಎಂದು ಎರಡು ತುತ್ತು ಹೆಚ್ಚೇ ಉಂಡರು. ಅಂದಿನಿಂದ ಅದೇ ಪದ್ಧತಿಯಾಯಿತು. ಮೆಟ್ಟಿಲ ತಿರುವಿನಿಂದ ಕೆಳಗೆ ಅಧಿಕಾರಿ, ಮೇಲೆ ಹೆಂಡತಿ. ಕೆಳಗಿನವಳ ಬಗೆಗಿನ ದೂರನ್ನು ಮೇಲಿನವಳು ಕಿವಿಗೊಟ್ಟು ಕೇಳುತ್ತಿದ್ದಳು, ಲೊಚಗುಟ್ಟುತ್ತಿದ್ದಳು, ಒಮ್ಮೊಮ್ಮೆ “ಕೆಲಸದಿಂದ ತೆಗೆದು ಹಾಕಿಬಿಡ್ರೀ ಅವಳನ್ನ” ಎಂದು ಹುರಿದುಂಬಿಸುತ್ತಲೂ ಇದ್ದಳು.

ಆಮೇಲೆ ನೋಟೀಸು ಶುರುವಾಯಿತು. ಕೆಳಗಿನ ಅಧಿಕಾರಿಗಳು ಅದನ್ನು ಕೈಯಲ್ಲಿ ಕೊಡುವವರಲ್ಲ, ಬೀದಿ ಕೊನೆಯ ಅಂಚೆ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಕೆಳಗಿನಿಂದ ಹೊರಟ ಕಾಗದ ಊರೆಲ್ಲ ಸುತ್ತಿ ಅಂಚೆಯವನ ಕೈಯಲ್ಲಿ ಮೇಲಿನ ಬಾಗಿಲಿಗೆ ಬರುತ್ತಿತ್ತು. ಡಾಕ್ಟರ ಕನ್ನಡಕ ಸಮಯಕ್ಕೆ ಸಿಗುತ್ತಿರಲಿಲ್ಲ. ಹೆಂಡತಿಯೇ ಒಡೆದು ಓದುತ್ತಿದ್ದಳು.

“‘ನಿಮ್ಮ ಹಠಮಾರಿತನದ ಬಗ್ಗೆ ಇದು ಕೊನೆಯ ಎಚ್ಚರಿಕೆ.’ ಅಬ್ಬಬ್ಬಾ, ಎಷ್ಟು ಕಟುವಾಗಿ ಬರೆದಿದ್ದಾಳೆ ನೋಡ್ರೀ!”

“ಉತ್ತರ ಬರಿ. ನಾನು ಹೇಳ್ತೀನಿ.”

ಡಾಕ್ಟರು ಹೇಳಿದರು, ಅವಳು ಬರೆದಳು. ಬೈಗುಳ ಸಪ್ಪೆಯಾದ ಕಡೆ ಅವಳೇ ಒಂದು ಖಾರದ ಮಾತು ಸೇರಿಸಿದಳು. ಆ ಉತ್ತರವೂ ಅಂಚೆಯಲ್ಲೇ ಹೋಗಿ ಕೆಳಗೆ ತಲುಪಿತು. ಅಧಿಕಾರಿಗಳು ಅದನ್ನು ಓದಿ ಮುಖ ಊದಿಸಿಕೊಂಡರು. “ಓದಿದವರು ಬಳಸೋ ಮಾತಾ ಇದು, ಡಾಕ್ಟರೇ?” ಎಂದು ಕಾಗದ ಮೇಜಿನ ಮೇಲಿಟ್ಟರು. ಅದು ತಮ್ಮದೇ ಅಕ್ಷರವೆಂದು ಅವರು ಒಪ್ಪಿಕೊಳ್ಳಲಿಲ್ಲ, ಎತ್ತಿ ತೋರಿಸುವ ಧೈರ್ಯ ಡಾಕ್ಟರಿಗೂ ಇರಲಿಲ್ಲ. ಅಂಚೆಯವನು ಮಾತ್ರ, “ಸಾರ್, ಒಂದು ಬುಟ್ಟಿ ಕಟ್ಟಿ ಹಗ್ಗದಲ್ಲಿ ಇಳಿಸಬಾರದಾ?” ಎಂದು ಕೇಳಿ ನೋಡಿದ.

ಕೊನೆಗೆ ಅಧಿಕಾರಿಗಳು ಉಂಗುರ ತರಿಸಿದರು. ಬೆರಳಿಗೆ ಬಿದ್ದ ಕಿರಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಉಂಗುರ ಅದು. ಲ್ಯಾಬಿಗೆ ಕಳಿಸಿದರೆ ಎಷ್ಟು ಬಿದ್ದಿದೆ ಎಂದು ಹೇಳುತ್ತಾರೆ. ಮದುವೆಯಲ್ಲಿ ಹಾಕಿದ ಬಂಗಾರದ ಉಂಗುರವನ್ನು ಗ್ಲೌಸಿಗೆ ತೊಡಕೆಂದು ತೆಗೆದಿಟ್ಟಿದ್ದ ಡಾಕ್ಟರು, ಈಗ ಆದೇಶದ ಮೇರೆಗೆ ಬಲಗೈ ತೋರುಬೆರಳಿಗೆ ಪ್ಲಾಸ್ಟಿಕ್ ಉಂಗುರ ತೊಟ್ಟರು.

ಲ್ಯಾಬಿನಿಂದ ಫಲಿತಾಂಶ ಬಂತು. ಸೊನ್ನೆ. ಆ ದಿನ ಕೆಳಗೆ ಅಧಿಕಾರಿಗಳು “ಸಂತೋಷ, ಡಾಕ್ಟರೇ” ಎಂದರು. ಮೇಲೆ ಹೆಂಡತಿ ಏನೋ ಗುನುಗಿಕೊಂಡು ಕಿಟಕಿ ಒರೆಸುತ್ತಿದ್ದಳು. ಅವಳು ಗುನುಗಿದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಡಾಕ್ಟರು ಮಾತ್ರ ಅವಳ ಮುಖ ನೋಡಲಾರದೆ ಪೇಪರಿನಲ್ಲಿ ತಲೆ ಹುದುಗಿಸಿದರು. ಯಾಕೆಂದರೆ ಅಧಿಕಾರಿಗಳು ಕತ್ತಲೆ ಗೂಡಿಗೆ ಹೋದಾಗಲೆಲ್ಲ ಆ ಮಹಾಶಯರು ಎಡಗೈ ಬೆರಳಿಡುತ್ತಿದ್ದರು.

ಲೈಸೆನ್ಸಿನ ತಪಾಸಣೆಗೆ ಇನ್‌ಸ್ಪೆಕ್ಟರು ಬಂದರು. ಒಂದು ಕೈಯಲ್ಲಿ ಕಿರಣ ಅಳೆಯುವ ಪೆಟ್ಟಿಗೆ, ಇನ್ನೊಂದು ಕೈ ಕೆನ್ನೆಯ ಮೇಲೆ. ಗೋಡೆ ಅಳೆದರು, ಬಾಗಿಲ ಮೇಲಿನ ಕೆಂಪು ದೀಪ ನೋಡಿದರು, ಸೀಸದ ಏಪ್ರನ್ ಎತ್ತಿ ಭಾರ ನೋಡಿದರು. ಎಲ್ಲ ಸರಿಯಾಗಿತ್ತು.

“ಇನ್ನೊಂದು ಸಹಿ ಮೇಡಂ. ಇಲ್ಲಿ ಯಾರೂ ಕೈಯಲ್ಲಿ ಫಿಲ್ಮು ಹಿಡಿಯಲ್ಲ ಅಂತ. ಆಮೇಲೆ ಲೈಸೆನ್ಸ್ ನಿಮ್ಮದೇ.” ಎನ್ನುತ್ತಲೇ ಅವರ ಮುಖ ಕಿವುಚಿಕೊಂಡಿತು. “ಡಾಕ್ಟರೇ, ಬಂದದ್ದು ಬಂದೆ, ಈ ಹಲ್ಲು ಸ್ವಲ್ಪ ನೋಡ್ತೀರಾ? ರಾತ್ರಿಯೆಲ್ಲ ನಿದ್ದೆಯಿಲ್ಲ.”

ಅಧಿಕಾರಿಗಳು ಪೆನ್ನು ತರಲು ಮುಂದಿನ ಕೋಣೆಗೆ ಹೋದರು. ಡಾಕ್ಟರು ಇನ್‌ಸ್ಪೆಕ್ಟರನ್ನು ಕುರ್ಚಿಗೆ ಒರಗಿಸಿದರು. ಕಡ್ಡಿ ಕೈಗೆಟುಕುವಂತೆಯೇ ಇತ್ತು. ಆದರೆ ಅಭ್ಯಾಸವೆನ್ನುವುದು ಯಾರ ಮಾತು ಕೇಳುತ್ತದೆ? ಪೆನ್ನು ಹಿಡಿದು ಅಧಿಕಾರಿಗಳು ವಾಪಸು ಬರುವಾಗ ಸರ್ಕಾರದ ಬಾಯಲ್ಲಿ ಡಾಕ್ಟರ ಎಡಗೈ ತೋರುಬೆರಳಿತ್ತು, ಬಲಗೈ ಗುಂಡಿಯ ಮೇಲಿತ್ತು, ಮೆಷಿನ್ನು ಆಗತಾನೇ ಗುಂಯ್‌ ಎಂದು ಸುಮ್ಮನಾಗಿತ್ತು.

ಅಧಿಕಾರಿಗಳು ಆ ಎಡಗೈಯನ್ನು ನೋಡಿದರು. ಬಲಗೈಯ ಉಂಗುರವನ್ನು ನೋಡಿದರು. ಸೊನ್ನೆ ಎಲ್ಲಿಂದ ಬಂದಿತ್ತೆಂದು ಅವರಿಗೆ ಅರ್ಥವಾಯಿತು.

“ಸರ್, ಈಗ ಇಲ್ಲಿ ನಿಯಮ ಮುರಿದಿದೆ. ಬರ್ಕೊಳ್ಳಿ” ಎಂದರು.

ಇನ್‌ಸ್ಪೆಕ್ಟರು ಬೆರಳು ಹೊರಬಂದ ಮೇಲೆ ಸಾವರಿಸಿಕೊಂಡರು. “ನನಗೇನೂ ಕಾಣಿಸಲಿಲ್ಲವಲ್ಲ ಮೇಡಂ.”

“ಕಾಣಿಸೋದು ಹೇಗೆ? ನಿಮ್ಮ ಬಾಯೊಳಗಿತ್ತು.”

“ಅಯ್ಯೋ ಬಿಡಿ, ಸಣ್ಣ ವಿಷಯ. ನಿಜ ಹೇಳ್ಬೇಕೆಂದರೆ, ಅರ್ಧ ನೋವು ಇಳಿದೇ ಹೋಯ್ತು. ಸಹಿ ಹಾಕಿ.”

“ಹಾಕಲ್ಲ.”

ಡಾಕ್ಟರ ಬೆವರು ಇಳಿಯಿತು. “ಲೇ, ಹಾಕೇ. ಮೆಷಿನ್ ಮುಚ್ಚಿಸ್ತಾರೆ” ಎಂದು ಕೆಳಗಿನ ಅಂತಸ್ತಿನಲ್ಲೇ ಪಿಸುಗುಟ್ಟಿದರು.

“ಇಲ್ಲಿ ‘ಲೇ’ ಅನ್ನಿಸಿಕೊಳ್ಳೋರು ಯಾರೂ ಇಲ್ಲ, ಡಾಕ್ಟರೇ.” ಪೆನ್ನಿನ ಮುಚ್ಚಳ ಹಾಕಿ ಇನ್‌ಸ್ಪೆಕ್ಟರ ಕಡೆ ತಿರುಗಿದರು. “ಇವರ ಬೆರಳನ್ನ ಚರ್ಮದ ಡಾಕ್ಟರು ನೋಡಬೇಕು. ಇವರು ತರಬೇತಿಗೆ ಹೋಗಬೇಕು. ಅಲ್ಲಿವರೆಗೂ ಮೆಷಿನ್ ಮುಚ್ಚಿ.”

ಅಧಿಕಾರಿ ಹೇಳಿದ ಮೇಲೆ ಇನ್‌ಸ್ಪೆಕ್ಟರೂ ಕೇಳಲೇಬೇಕು. ಗುಂಡಿಯ ಮೇಲೆ ಕಾಗದ ಅಂಟಿಸಿ ಮುದ್ರೆ ಒತ್ತಿ, ಉಳಿದರ್ಧ ನೋವನ್ನು ಕೆನ್ನೆಯಲ್ಲಿ ಹಿಡಿದುಕೊಂಡು ಹೊರಟುಹೋದರು.

ಡಾಕ್ಟರು ಕುರ್ಚಿಯಲ್ಲಿ ಬಹಳ ಹೊತ್ತು ಕೂತರು. ಇಂಥ ಅವಮಾನವನ್ನು ಹೆಂಡತಿಗೆ ಹೇಳಿಕೊಳ್ಳದೆ ಇನ್ಯಾರಿಗೆ ಹೇಳುವುದು? ಎದ್ದು ಮೆಟ್ಟಿಲು ಹತ್ತಿದರು. ತಿರುವಿನಲ್ಲಿ, ಕಿಟಕಿಯ ಕೆಳಗೆ ಅವಳು ಕೂತಿದ್ದಳು. ಬ್ಯಾಡ್ಜು ಎದೆಯ ಮೇಲೂ ಇರಲಿಲ್ಲ, ಗೂಟದಲ್ಲೂ ಇರಲಿಲ್ಲ. ಮುಷ್ಟಿಯಲ್ಲಿತ್ತು.

“ಮೇಲೆ ಬಾ” ಎಂದರು.

“ಹೇಗೆ ಬರ್ಲಿ? ಮೇಲೆ ಬಂದ್ರೆ ನೀವು ಅವಳನ್ನ ಬೈತೀರಿ. ನಾನು ಹೌದು ಹೌದು ಅನ್ನಬೇಕು. ಇವತ್ತು ನನ್ನ ಕೈಲಾಗಲ್ಲ ರೀ.” ಅವಳು ಅಳುತ್ತಿದ್ದಳು. “ಸೊನ್ನೆ ಬಂತು ಅಂತ ನಾನು ಹುಚ್ಚಿ ಹಾಗೆ ಕುಣಿದೆ.”

ಡಾಕ್ಟರಿಗೆ ನಾಚಿಕೆಯಾಯಿತು. ಅವಳ ಪಕ್ಕ ಕೂತರು. ಅವಳು ಅವರ ಎರಡೂ ಕೈ ಎಳೆದುಕೊಂಡು ತೋರುಬೆರಳುಗಳನ್ನು ಕಿಟಕಿಯ ಬೆಳಕಿಗೆ ಜೋಡಿಸಿ ಹಿಡಿದಳು. ಎಡದ್ದು ನುಣುಪಾಗಿ, ಕೆಂಪಗೆ, ಚೆನ್ನಾಗಿತ್ತು. ಬಲದ್ದು ಯಾರೋ ಮುದುಕನ ಬೆರಳನ್ನು ತಂದು ಅಂಟಿಸಿದ ಹಾಗಿತ್ತು. ಡಾಕ್ಟರು ಆ ಎರಡನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು.

“ನಾಳೆ ಚರ್ಮದ ಡಾಕ್ಟ್ರ ಹತ್ರ ಹೋಗೋಣ” ಎಂದಳು.

“ಇದನ್ನ ಯಾರು ಹೇಳ್ತಿರೋದು?”

ಅವಳು ಮುಷ್ಟಿ ಬಿಡಿಸಿ ಬ್ಯಾಡ್ಜು ನೋಡಿದಳು. “ಇಬ್ಬರೂ” ಎಂದಳು.

ಡಾಕ್ಟರು “ಹೂಂ” ಎನ್ನಲಿಲ್ಲ. “ಸರಿ” ಎಂದರು.

ಚರ್ಮದ ಡಾಕ್ಟರು ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಒಳ್ಳೆಯದಲ್ಲ, ಆದರೆ ಕೈಮೀರಿರಲಿಲ್ಲ. ಉಗುರನ್ನೂ ಪಕ್ಕದ ಮಾಂಸವನ್ನೂ ಕೊರೆದು ತೆಗೆದರು, ಬೆರಳು ಉಳಿಯಿತು. ಕಟ್ಟು ಬಿಚ್ಚಿದ ದಿನ ಅವರು ಗದರಿಕೊಂಡರು. “ಇನ್ನೊಂದು ವರ್ಷ ಬಿಟ್ಟಿದ್ರೆ ಕೈ ತೆಗೀಬೇಕಾಗ್ತಿತ್ತು. ನೀವೂ ಡಾಕ್ಟರೇ. ಅಷ್ಟು ವರ್ಷ ಯಾರೂ ಹೇಳಲಿಲ್ವೇನ್ರೀ ನಿಮಗೆ?”

ಬೆರಳು ಡಾಕ್ಟರು ಪಕ್ಕದಲ್ಲಿ ಕೂತಿದ್ದವಳ ಕಡೆ ನೋಡಿದರು.

“ಇವಳು ಹೇಳ್ತಾನೇ ಇದ್ದಳು. ಆದ್ರೆ ಆಗ ಇವಳ ಹತ್ರ ಲೈಸೆನ್ಸ್ ಇರಲಿಲ್ಲ.”