ಬೀಗ ಸರ್ಕಾರದ್ದು, ಕೈ ಯಾರದ್ದು?

ಮಾಲೂರು ದಾಟುವ ಮೊದಲೇ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ನರಸಾಪುರದ ಹತ್ತಿರ ಕಂಪನಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡು, ಕೋಲಾರದಲ್ಲಿ ಮುಂದಿನ ಬಸ್ಸು ತಪ್ಪಬಹುದಿತ್ತು. ಛತ್ರಿ ಮರೆತರೆ ಮಳೆ ಬರಬಹುದಿತ್ತು, ತಂದರೆ ಅದನ್ನು ಬಸ್ಸಿನಲ್ಲೇ ಮರೆತು ಇಳಿಯಬಹುದಿತ್ತು. ದಾರಿಯಲ್ಲಿ ನನ್ನ ಸಕ್ಕರೆ ಇಳಿಯಬಹುದಿತ್ತು. ಮಾವ ಎಂಜಿನಿಯರ್ ಮೇಲೆ ಕೂಗಾಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸರ್ಕಾರಿ ನೌಕರನಾದ ನಾನು ಸರ್ಕಾರದ ಬೀಗದ ವಿರುದ್ಧ ಅರ್ಜಿ ಬರೆದದ್ದು ಗೊತ್ತಾಗಿ ಕಾರಣ ಕೇಳುವ ನೋಟೀಸು ಬರಬಹುದಿತ್ತು. ನಮ್ಮ ಕಚೇರಿಯಲ್ಲಿ ಅಂಥ ನೋಟೀಸು ಟೈಪ್ ಮಾಡುವವನು ನಾನೇ. ಆದ್ದರಿಂದ ಅದರ ಒಕ್ಕಣೆಯೂ ಬಾಯಿಪಾಠವಾಗಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ.

ಹೊರಟ ಕಾರಣ ಇಷ್ಟು. ನನ್ನ ಸೋದರಮಾವ ಮುನಿವೆಂಕಟಪ್ಪ ಮುಳಬಾಗಿಲು ತಾಲ್ಲೂಕಿನ ನಂಗಲಿ ಕಡೆಯ ಒಂದು ಸಣ್ಣ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು ಅವನ ಕೆಲಸ. ಅವನ ಅಪ್ಪನೂ ತಾತನೂ ಅದನ್ನೇ ಮಾಡಿದ್ದರು. ಈ ವರ್ಷ ಇಲಾಖೆಯವರು ತೂಬು ರಿಪೇರಿ ಮಾಡಿ ಕಬ್ಬಿಣದ ಚಕ್ರ ಕೂರಿಸಿದರು, ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದರು. ಬೀಗದ ಕೈ ಮುಳಬಾಗಿಲಿನ ಕಚೇರಿ ಸೇರಿತೆಂದು ಊರೆಲ್ಲ ನಂಬಿತ್ತು. ಮಾವ ಫೋನಿನಲ್ಲಿ ಕಿರುಚಿದ್ದ. "ಲೇ ಮಂಜಾ, ಭತ್ತ ಹೊಡೆ ಬಂದೈತೆ ಕಣೋ. ಮಂಗಳವಾರ ಎಂಜಿನಿಯರಮ್ಮ ಬರ್ತಾರಂತೆ. ಅವತ್ತು ನೀರು ಬೀಳ್ಲಿಲ್ಲ ಅಂದ್ರೆ ಬರೀ ಜೊಳ್ಳು. ಸರ್ಕಾರದ ಭಾಷೆ ನಿಂಗೆ ತಾನೆ ಬರೋದು, ಬಾ."

ರಜಾ ಅರ್ಜಿಯಲ್ಲಿ ಕಾರಣ 'ಸ್ವಂತ ಕೆಲಸ' ಎಂದು ಬರೆದು ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದೆ. ನನ್ನ ಪಕ್ಕದಲ್ಲಿ ಸೊಪ್ಪಿನ ಗಂಟಿನೊಂದಿಗೆ ಒಬ್ಬ ಅಜ್ಜಿ ಕೂತಿದ್ದರು. ಕಂಡಕ್ಟರ್ ನನ್ನಿಂದ ದುಡ್ಡು ಇಸಿದುಕೊಂಡ, ಅಜ್ಜಿಯ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ.

"ದುಡ್ಡಿಲ್ಲ ಅಂದ್ಮೇಲೆ ಚೀಟಿ ಯಾಕಪ್ಪಾ?" ಎಂದರು ಅಜ್ಜಿ.

"ಸೊನ್ನೆಗೂ ಚೀಟಿ ಬೇಕಜ್ಜಿ ಸರ್ಕಾರಕ್ಕೆ."

"ಅಯ್ಯೋ ಪಾಪ," ಎಂದು ಅಜ್ಜಿ ಸರ್ಕಾರದ ಮೇಲೆ ಕನಿಕರಪಟ್ಟು, ಚೀಟಿಯನ್ನು ಸೊಂಟದ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡರು. ಅದೇ ಸರ್ಕಾರದ ಒಂದು ತುಂಡಾದ ನನಗೆ ಒಂಥರಾ ಸಮಾಧಾನವಾಯಿತು. ನಮ್ಮನ್ನು ಬೈಯುವವರನ್ನು ಬಹಳ ನೋಡಿದ್ದೇನೆ, ಅಯ್ಯೋ ಪಾಪ ಅಂದವರು ಅವರೊಬ್ಬರೇ.

ಕೋಲಾರದಲ್ಲಿ ಬಸ್ಸು ಕಾಯುತ್ತಲೇ ಇತ್ತು. ಮುಳಬಾಗಿಲಿನಲ್ಲಿ ಇಳಿದು, ಸಕ್ಕರೆಯ ಭಯಕ್ಕೆ ಒಂದೇ ದೋಸೆ ಎಂದುಕೊಂಡು ಎರಡು ತಿಂದೆ. ಅಲ್ಲಿಂದ ನಂಗಲಿ ಬಸ್ಸು. ಸಾಲು ಲಾರಿಗಳ ನಡುವೆ ಸ್ವಲ್ಪ ದೂರ ಹೋಗಿ ಒಂದು ಕ್ರಾಸಿನಲ್ಲಿ ಇಳಿದೆ. ಬೇಲಿ ಪಕ್ಕ ಮಾವ ನಿಂತಿದ್ದ.

"ಏಂ ಅಲ್ಲುಡೂ, ಛತ್ರಿ ತಂದಿದೀಯಾ? ಹಂಗಾದ್ರೆ ಮಳೆ ಬರಲ್ಲ ಬಿಡು," ಎಂದ. ಆ ಸೀಮೆಯಲ್ಲಿ ಅಕ್ಕರೆ ಉಕ್ಕಿದಾಗ ಅಳಿಯನನ್ನು 'ಅಲ್ಲುಡು' ಎನ್ನುವ ತೆಲುಗು ಬರುತ್ತದೆ, ಸಿಟ್ಟು ಉಕ್ಕಿದಾಗಲೂ ಬರುತ್ತದೆ. ಯಾವುದೆಂದು ಮುಖ ನೋಡಿ ತಿಳಿಯಬೇಕು.

ಕೆರೆ ಏರಿಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಎಂಜಿನಿಯರ್ ಮೂವತ್ತು ದಾಟದ ಹೆಣ್ಣುಮಗಳು, ಶ್ರೀನಿವಾಸಪುರದ ಕಡೆಯವಳು. ಬಿಸಿಲಿಗೆ ಫೈಲನ್ನೇ ತಲೆಯ ಮೇಲೆ ಹಿಡಿದಿದ್ದಳು. ನಾನು ಛತ್ರಿ ಕೊಟ್ಟೆ. ಅರ್ಜಿ ಕೊಡಲು ಬಂದವನು ಮೊದಲು ಕೊಟ್ಟದ್ದು ಛತ್ರಿ.

"ಮೇಡಂ, ನಮ್ಮಪ್ಪನ ಕಾಲದಲ್ಲಿ ಬೀಗ ಇರ್ಲಿಲ್ಲ, ನಮ್ ತಾತನ ಕಾಲದಲ್ಲೂ ಇರ್ಲಿಲ್ಲ," ಮಾವ ಶುರು ಮಾಡಿದ. "ನಮ್ ಕೆರೆಗೆ ನಿಮ್ ಬೀಗ ಯಾಕೆ?"

"ಯಜಮಾನ್ರೇ, ಏರಿ ಒಡೆದ್ರೆ ಯಾರಿಗೆ ಫೋನ್ ಮಾಡ್ತೀರಾ?"

"ನಿಮಗೇ."

"ಹಂಗಾದ್ರೆ ಬೀಗಾನೂ ನಮ್ದೇ."

ಜನ ನನ್ನ ಕಡೆ ನೋಡಿದರು. ನಾನು ಮೂರು ಪುಟದ ಅರ್ಜಿ ತೆಗೆದೆ. 'ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ' ಎಂಬಲ್ಲಿಗೆ ಬಂದಿದ್ದೆ, ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. "ಬೀಗ ತೆಗೀಬ್ಯಾಡ ಕಣಮ್ಮ!"

ಅದು ರಾಜಮ್ಮ. ಕಾಲುವೆಯ ತುದಿಯಲ್ಲಿರುವ ಕಟ್ಟಕಡೆಯ ಗದ್ದೆ ಆಕೆಯದು.

"ಏನೇ ರಾಜಮ್ಮ, ನೀನು ಊರ ಕಡೆನೋ, ಗೌರ್ಮೆಂಟ್ ಕಡೆನೋ?" ಮಾವ ರೇಗಿದ.

"ನಾನು ನೀರಿನ ಕಡೆ. ಬೀಗ ಇಲ್ದಿದ್ದಾಗ ಮೇಲಿನ ಗದ್ದೆಯೋರು ನೀನು ಊಟಕ್ಕೆ ಹೋದಾಗೆಲ್ಲ ತೂಬು ಎತ್ಕೊಂಡ್ರು. ಏನ್ ಮಾಡ್ದೆ ನೀನು? ಬಾಯಿ ಬಡ್ಕೊಂಡೆ. ನಿನ್ ಬಾಯಿಗೆ ಅವ್ರು ಹೆದರ್ಲಿಲ್ಲ, ಸರ್ಕಾರದ ಬೀಗಕ್ಕೆ ಹೆದರ್ತಾರೆ. ಅದಿರ್ಲಿ. ಬೀಗದ ಕೈ ಮಾತ್ರ ನಾನು ಕೂಗಿದ್ರೆ ಕೇಳ್ಸೋ ದೂರದಲ್ಲಿರ್ಬೇಕು. ಮುಳಬಾಗ್ಲಲ್ಲಿದ್ರೆ ನಾನು ಕೂಗಿ ಏನ್ ಬಂತು?"

ಇಪ್ಪತ್ತೆಂಟು ವರ್ಷ ಕಡತ ಹೊತ್ತಿದ್ದೇನೆ. ಸರ್ಕಾರ ಎಲ್ಲಿಯವರೆಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಒಂದು ಕೂಗಿನಳತೆಯಲ್ಲಿ ಹೇಳಿದವರನ್ನು ಕಂಡಿರಲಿಲ್ಲ. ಅರ್ಜಿಯನ್ನು ಮಡಿಸಿ ಜೇಬಿಗಿಟ್ಟೆ.

ಎಂಜಿನಿಯರ್ ಹುಬ್ಬು ಗಂಟಿಕ್ಕಿದಳು. "ಮುಳಬಾಗ್ಲಲ್ಲಿ ಯಾಕಿರುತ್ತೆ? ಕೈ ಇಲ್ಲೇ ಕೊಟ್ಟಾಗಿದೆಯಲ್ಲ!" ಎಂದು ಫೈಲು ಬಿಚ್ಚಿ ಓದಿದಳು: "'ಸದರಿ ಬೀಗದ ಕೈಯನ್ನು ಗ್ರಾಮದ ನೀರುಗಂಟಿಗೆ ಹಸ್ತಾಂತರಿಸಲಾಗಿದೆ.' ಸಹಿನೂ ಇದೆ."

"ಸಹಿನಾ? ನಾನು ಹೆಬ್ಬೆಟ್ಟು ಮೇಡಂ!" ಮಾವ ಹೆಬ್ಬೆರಳನ್ನೇ ಎತ್ತಿ ತೋರಿಸಿದ.

ನಾನು ಬಗ್ಗಿ ನೋಡಿದೆ. ಸಹಿ ಚಲಪತಿಯದು. ಪಂಚಾಯಿತಿಯ ಬೋರ್‌ವೆಲ್ ಮೋಟಾರು ಹಾಕಿ ಬೀದಿ ನಲ್ಲಿಗೆ ನೀರು ಬಿಡುವವನು ಅವನು. ಆ ಕೆಲಸದ ಹೆಸರೂ ಕಾಗದದಲ್ಲಿ ನೀರುಗಂಟಿಯೇ! ಕೆರೆಯ ನೀರುಗಂಟಿಗೆ ಹೋಗಬೇಕಾದ ಕೈ ನಲ್ಲಿಯ ನೀರುಗಂಟಿಗೆ ಹೋಗಿತ್ತು. ಊರಿಗೆ ಊರೇ ಇಲಾಖೆಯನ್ನು ಶಪಿಸುತ್ತಿದ್ದಾಗ ಬೀಗದ ಕೈ ಊರಲ್ಲೇ ತೂಗಾಡುತ್ತಿತ್ತು.

ಚಲಪತಿಗೆ ಹೇಳಿಕಳಿಸಿದರು. ಅವನು ಮೊಪೆಡ್ಡಿನಲ್ಲಿ ಬಂದು ಸೊಂಟದಿಂದ ಗೊಂಚಲು ಬಿಚ್ಚಿದ. "ಇದಾ? ಅಯ್ಯೋ, ಯಾವ ಮೋಟ್ರು ಮನೇದೋ ಅಂತ ಎಲ್ಲಾ ಬೀಗಕ್ಕೂ ಹಾಕಿ ನೋಡ್ದೆ ಕಣಣ್ಣಾ. ಕೊನೆಗೆ ಸ್ಕೂಲ್ ಬೀಗಕ್ಕೂ ಹಾಕ್ದೆ. ಮೇಷ್ಟ್ರು ಬೈದ್ರು."

"ನೋಡ್ಲಾ, ಬೀಗ ಇರೋದೆಲ್ಲ ನಿಂಗೆ ಮೋಟ್ರು ಮನೆ!" ಎಂದು ಮಾವ ನಗುತ್ತ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಕೊಡಬೇಕಾದವಳು ಎಂಜಿನಿಯರ್.

ನನ್ನೊಳಗಿನ ಗುಮಾಸ್ತ ಎದ್ದುಬಿಟ್ಟ. "ಮೇಡಂ, ತಿದ್ದುಪಡಿ ಅಂತ ಕಳಿಸಿದ್ರೆ ಫೈಲು ಕೋಲಾರಕ್ಕೆ ಹೋಗುತ್ತೆ. ವಾಪಸ್ ಬರೋ ಹೊತ್ತಿಗೆ ಕಟಾವು," ಎಂದು ಪಿಸುಗುಟ್ಟಿದೆ.

ಅವಳು ಫೈಲನ್ನು ಇನ್ನೊಮ್ಮೆ ಓದಿದಳು. "ಇಲ್ಲಿ 'ನೀರುಗಂಟಿ' ಅಂತಷ್ಟೇ ಇದೆ ಸರ್. ಯಾವ ನೀರುಗಂಟಿ ಅಂತ ಇಲ್ಲ. ಇಲ್ಲದ್ದನ್ನ ನಾನ್ಯಾಕೆ ಓದ್ಲಿ?" ಎಂದು ಚಲಪತಿಯ ಸಹಿಯ ಪಕ್ಕದಲ್ಲೇ ಮಾವನ ಹೆಬ್ಬೆಟ್ಟು ಒತ್ತಿಸಿಕೊಂಡಳು. "ನಮ್ಮನೇಲಿ ಮಾವಿನ ತೋಪಿದೆ. ಬೇಲಿ ನಮ್ಮಪ್ಪ ಹಾಕಿಸ್ತಾರೆ. ಕಾಯಿ ಬಲಿತಿದೆಯೋ ಇಲ್ವೋ ಅನ್ನೋದು ತೋಪು ಕಾಯೋ ಮುದುಕಪ್ಪಂಗೆ ಮಾತ್ರ ಗೊತ್ತು. ಬೀಗ ನಮ್ದು, ಕೈ ನಿಮ್ದು. ತೆಗೀರಿ."

ಮಾವ ಬೀಗ ತೆಗೆದ. ಪಂಚೆ ಎತ್ತಿ ಕಟ್ಟಬೇಕಾಗಿ ಬೀಗದ ಕೈಯನ್ನು ನನಗೆ ಕೊಟ್ಟ. "ಹುಷಾರು, ಕೆರೆಗೆ ಬೀಳಿಸೀಯ." ನಾನು ಬೀಳಿಸುವವನೇ? ಅತ್ಯಂತ ಭದ್ರವಾದ ಕಡೆ ಇಟ್ಟುಕೊಂಡೆ. ಅವನೂ ಚಲಪತಿಯೂ ಸೇರಿ ಚಕ್ರ ತಿರುಗಿಸಿದರು. ತೂಬಿನೊಳಗೆ ಗುಡುಗುಡು ಸದ್ದಾಗಿ, ಮೊದಲು ಕೆಸರು, ಆಮೇಲೆ ಒಂದು ಸಿಟ್ಟಾದ ಏಡಿ, ಆಮೇಲೆ ನೀರು ಬಂತು.

ಮಾವ ಸನಿಕೆ ಹಿಡಿದು ಮೇಲಿನ ಗದ್ದೆಗಳ ಬಾಯಿಗಳನ್ನೆಲ್ಲ ಮುಚ್ಚುತ್ತ ನಡೆದ. ಅಲ್ಲಿ ಮೊದಲ ನೀರು ಕಟ್ಟಕಡೆಯ ಗದ್ದೆಗೆ, ಎಲ್ಲರದೂ ಮುಗಿದ ಮೇಲೆ ನೀರುಗಂಟಿಯದಕ್ಕೆ. "ಇದು ಯಾವ ರೂಲ್ಸಲ್ಲಿ ಬರೆದಿದೆ?" ಎಂದು ಎಂಜಿನಿಯರ್ ಕೇಳಿದಳು.

"ಬರೆದಿದ್ರೆ ಯಾರಾದ್ರೂ ತಿದ್ದಿರೋರು ಮೇಡಂ," ಎಂದ ಮಾವ.

ಮಾವನ ಮನೆಯಲ್ಲಿ ಅತ್ತೆ ಮುದ್ದೆ, ಬಸ್ಸಾರು ಬಡಿಸಿದರು. ಎಂಜಿನಿಯರೂ ಕೂತು ಉಂಡಳು, ಛತ್ರಿ ನೆನಪಿಟ್ಟು ವಾಪಸು ಕೊಟ್ಟಳು. ಮೂರು ಗಂಟೆಯ ಬಸ್ಸು ಸಮಯಕ್ಕೆ ಸರಿಯಾಗಿ ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ದೂರದ ಏರಿ ಮಾತ್ರ ಕಂಡಿತು. ಕೋಲಾರ ದಾಟಿದ ಮೇಲೆ, ಚಿಂತಿಸಲು ಏನೂ ಉಳಿದಿಲ್ಲವಲ್ಲ ಎಂಬ ಚಿಂತೆ ಶುರುವಾಯಿತು.

ಮಾಲೂರಿನಲ್ಲಿ ಮನೆಯ ಬಾಗಿಲ ಮುಂದೆ ನಿಂತು, ಮನೆ ಬೀಗದ ಕೈಗೆಂದು ಪ್ಯಾಂಟಿನ ಒಳಜೇಬಿಗೆ ಬೆರಳು ಹಾಕಿದೆ. ಎರಡು ಸಿಕ್ಕವು.

ಬಾಗಿಲು ತೆಗೆಯದೆ ಅಲ್ಲೇ ನಿಂತು ಮಾವನಿಗೆ ಫೋನ್ ಮಾಡಿದೆ.

"ನಿನ್ ಹತ್ರ ಐತಾ? ಇಲ್ಲಿ ಚಲಪತಿ ಗೊಂಚಲನ್ನ ಮೂರು ಸಲ ಬಿಚ್ಚಿಸಿದ್ವಲ್ಲೋ!"

"ಮಾವಾ, ಈಗ ಬೀಗ ಹಾಕೋದು...?"

"ಬೀಗಕ್ಕೇನು, ಒತ್ತಿದ್ರೆ ಬೀಳುತ್ತೆ. ತೆಗೆಯೋಕ್ ತಾನೇ ಕೈ ಬೇಕು? ನೀನು ತರೋಗಂಟ ಹಾಕಲ್ಲ, ತೂಬಿನ ಮೇಲೆ ರಾಜಮ್ಮ ಕೂತವ್ಳೆ, ಅವಳ ಮುಂದೆ ಬೀಗ ಯಾವ ಲೆಕ್ಕ. ನಾಳೆ ಮೊದಲನೇ ಬಸ್ಸಿಗೆ ತಂದ್ಕೊಡು." ಆಮೇಲೆ ಮಾವ ಏರಿಯ ಮೇಲಿದ್ದವರಿಗೆಲ್ಲ ಕೇಳುವಂತೆ ಕೂಗಿದ. "ನೋಡ್ರಪ್ಪಾ, ಇಷ್ಟೆಲ್ಲ ಮಾಡಿ, ಕೊನೆಗೂ ಸರ್ಕಾರದೋನು ಜೇಬಿಗೆ ಹಾಕ್ಕೊಂಡೇ ಹೋದ!"